ಸ್ಕ್ರೀನ್ ಮೇಲೆ ಕೂತಿತ್ತು, ಬೆಂಚಿನ ಮೇಲೆ ಕೂರಲಿಲ್ಲ: ಡಿಸೈನ್ ಅಪ್ರೆಂಟಿಸ್ ಒಬ್ಬಳ ಪ್ರಕರಣ

ಮೆಕ್ಯಾನಿಕಲ್ ಡಿಸೈನ್ ವಿಭಾಗವೊಂದಕ್ಕೆ ಎರಡು ವರ್ಷದ ಅಪ್ರೆಂಟಿಸ್‌ಶಿಪ್‌ಗೆ ಬಂದ ಹುಡುಗಿಯೊಬ್ಬಳ ಪ್ರಕರಣ ಇದು. ಅವಳಿಗೆ ಕೆಲಸ ಕಲಿಸುವ ಹೊಣೆ ನನ್ನದಾಗಿತ್ತು. ಯಾರ ಗುರುತೂ ಸಿಗದ ಹಾಗೆ ಯಂತ್ರದ ವಿವರ, ಕೆಲವು ಅಳತೆ, ಸಮಯ ಎಲ್ಲವನ್ನೂ ಸ್ವಲ್ಪ ಬದಲಿಸಿದ್ದೇನೆ. ತಪ್ಪುಗಳನ್ನು ಮಾತ್ರ ಬದಲಿಸಿಲ್ಲ. ಅದರಲ್ಲೂ ನನ್ನ ತಪ್ಪುಗಳನ್ನು.

ಮೊದಲ ಆರು ತಿಂಗಳು

ನಮ್ಮದು ಚಿಕ್ಕ ತಂಡ. ಕಾರ್ಖಾನೆಗಳಿಗೆ ಬೇಕಾದ ಸಣ್ಣಪುಟ್ಟ ವಿಶೇಷ ಯಂತ್ರಗಳನ್ನು ಡಿಸೈನ್ ಮಾಡಿ, ನಮ್ಮಲ್ಲೇ ಜೋಡಿಸಿ ಕೊಡುತ್ತೇವೆ. ಮೇಲಿನ ಮಹಡಿಯಲ್ಲಿ ಐದು ಕಂಪ್ಯೂಟರ್. ಕೆಳಗೆ ಮಿಲ್ಲಿಂಗ್ ಮಷೀನು, ಲೇತು, ಶೀಟ್ ಬಾಗಿಸುವ ಪ್ರೆಸ್ ಬ್ರೇಕು, ಒಂದು ಉದ್ದನೆಯ ಜೋಡಣೆ ಬೆಂಚು. ನಡುವೆ ಹದಿನೆಂಟು ಮೆಟ್ಟಿಲು.

ಅವಳು ಬಂದಾಗ ಮಾಡೆಲಿಂಗ್ ಸಾಫ್ಟ್‌ವೇರ್ ಚೆನ್ನಾಗಿಯೇ ಗೊತ್ತಿತ್ತು. ಚೆನ್ನಾಗಿ ಅಂದರೆ, ನನಗಿಂತ ಚೆನ್ನಾಗಿ. ನಾನು ಮೆನುವಿನಲ್ಲಿ ಹುಡುಕುವ ಕಮಾಂಡನ್ನು ಅವಳು ಕೀಬೋರ್ಡ್‌ನಲ್ಲೇ ಮುಗಿಸುತ್ತಿದ್ದಳು. ನಾನು ಅರ್ಧ ದಿನ ತೆಗೆದುಕೊಳ್ಳುವ ಗೇರ್‌ಬಾಕ್ಸ್ ಬ್ರಾಕೆಟ್ ಅವಳ ಸ್ಕ್ರೀನಿನಲ್ಲಿ ಒಂದು ಗಂಟೆಯಲ್ಲಿ ತಿರುಗುತ್ತಿತ್ತು. ನೋಡಲು ಚಂದ. ಬಣ್ಣ ಬೇರೆ ಹಚ್ಚಿರುತ್ತಿದ್ದಳು.

ಮೊದಲ ತಿಂಗಳುಗಳಲ್ಲಿ ಮಾಮೂಲಿ ಕೆಲಸವನ್ನೇ ಕೊಟ್ಟೆವು. ಹಳೆಯ ಡ್ರಾಯಿಂಗ್ ನೋಡಿ ಮಾಡೆಲ್ ಮಾಡುವುದು, ಮಾಡೆಲ್‌ನಿಂದ ಡ್ರಾಯಿಂಗ್ ತೆಗೆಯುವುದು, ಅಳತೆ ಹಾಕುವುದು, ಬಿಡಿಭಾಗಗಳ ಪಟ್ಟಿ ಬರೆಯುವುದು. ಪ್ರತಿ ಡ್ರಾಯಿಂಗೂ ಹೊರಗೆ ಹೋಗುವ ಮೊದಲು ನನ್ನ ಕೈಗೆ ಬರಬೇಕು. ನಾನು ಪರೀಕ್ಷಿಸಿ ಸಹಿ ಹಾಕಬೇಕು. ಇದು ಎಲ್ಲ ಕಡೆ ಇರುವ ಪದ್ಧತಿಯೇ.

ಇಲ್ಲೇ ನಾನು ಮೊದಲ ಬಾರಿ ಎಡವಿದ್ದು. ಆಗ ಅದು ತಪ್ಪು ಅಂತ ಅನ್ನಿಸಿರಲಿಲ್ಲ.

ತಪ್ಪು ಕಂಡಾಗ ಡ್ರಾಯಿಂಗ್ ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ವಾಪಸ್ ಕೊಡಬೇಕು. ಅವಳು ಕೂತು ಯೋಚಿಸಿ, ಕೇಳಿ, ಸರಿ ಮಾಡಿ ಮತ್ತೆ ತರಬೇಕು. ಹಾಗೆ ಮಾಡಿದರೆ ಒಂದು ಡ್ರಾಯಿಂಗಿಗೆ ಮೂರು ಗಂಟೆ ಹೋಗುತ್ತಿತ್ತು. ಫೈಲ್ ತೆರೆದು ನಾನೇ ಸರಿ ಮಾಡಿದರೆ ಇಪ್ಪತ್ತು ನಿಮಿಷ. ಕೆಲಸದ ಒತ್ತಡ ಯಾವಾಗಲೂ ಇದ್ದೇ ಇರುತ್ತದೆ. ಮೊದಲ ತಿಂಗಳು ಕೆಂಪು ಪೆನ್ನು ಬಳಸಿದೆ. ಎರಡನೆಯ ತಿಂಗಳಿನಿಂದ ಸುಮ್ನೆ ನಾನೇ ತಿದ್ದತೊಡಗಿದೆ. ಅವಳಿಗೆ ಹೇಳಲಿಲ್ಲ. ಬೇಕಂತಲೇ ಮುಚ್ಚಿಟ್ಟದ್ದಲ್ಲ, ಆದರೆ ಹೇಳಲೂ ಇಲ್ಲ. ಸಣ್ಣ ಹುಡುಗಿ, ಬೇಜಾರಾಗುವುದು ಬೇಡ ಎಂಬ ಕನಿಕರವೂ ಅದರಲ್ಲಿ ಸ್ವಲ್ಪ ಇತ್ತು.

ನಾಲ್ಕನೆಯ ತಿಂಗಳಿನ ಒಂದು ಸಂಜೆ ನೆನಪಿದೆ. ಅವಳು ಮಾಡಿದ ಪ್ಲೇಟೊಂದರ ಅಗಲ ಬದಲಾಗಬೇಕಿತ್ತು. ಅವಳು ಮನೆಗೆ ಹೋಗಿಯಾಗಿತ್ತು. ನಾನೇ ಅಳತೆ ಬದಲಿಸಿ, ಮಾಡೆಲ್ ಹೊಸ ಅಳತೆಗೆ ಮತ್ತೆ ಕಟ್ಟಿಕೊಳ್ಳಲಿ ಎಂದು ರೀಬಿಲ್ಡ್ ಒತ್ತಿದೆ. ಫೀಚರ್‌ಗಳ, ಅಂದರೆ ಮಾಡೆಲ್ ಕಟ್ಟಿದ ಒಂದೊಂದು ಹೆಜ್ಜೆಯ ಪಟ್ಟಿ ಮೇಲಿನಿಂದ ಕೆಳಗಿನವರೆಗೆ ಕೆಂಪಾಯಿತು. ಕೆಂಪು ಅಂದರೆ ತಪ್ಪು. ತೂತುಗಳ ಅಳತೆಯನ್ನು ಪ್ಲೇಟಿನ ಅಂಚಿನಿಂದಲೋ ಮಧ್ಯದ ಸಮತಲದಿಂದಲೋ ಕೊಟ್ಟಿರಲಿಲ್ಲ. ಮೂಲೆ ದುಂಡಗೆ ಮಾಡಿದ ಫಿಲೆಟ್‌ನ ಅಂಚಿಗೆ ಕಟ್ಟಿದ್ದಳು. ಫಿಲೆಟ್ ಜರುಗಿತು, ಅದಕ್ಕೆ ನೇತುಹಾಕಿದ್ದೆಲ್ಲ ಬಿದ್ದುಹೋಯಿತು. ಗೋಡೆಯ ಸುಣ್ಣಕ್ಕೆ ಮೊಳೆ ಹೊಡೆದು ಬೀರು ನೇತುಹಾಕಿದ ಹಾಗೆ. ಎರಡು ಗಂಟೆ ಕೂತು ಎಲ್ಲವನ್ನೂ ಬಿಚ್ಚಿ ಕಟ್ಟಿದೆ. ಬೆಳಿಗ್ಗೆ ಅವಳು ಬಂದಾಗ ಮಾಡೆಲ್ ಸರಿಯಾಗಿತ್ತು. "ಅಗಲ ಬದಲಾಯಿಸಿದ್ದೀನಿ" ಎಂದೆ. "ಓ, ಆಯ್ತು ಸರ್" ಎಂದಳು. ಅಷ್ಟೇ.

ಆರು ತಿಂಗಳು ಮುಗಿದಾಗ ಅವಳ ಡ್ರಾಯಿಂಗುಗಳು ವರ್ಕ್‌ಶಾಪಿನಿಂದ ಒಂದೂ ವಾಪಸ್ ಬಂದಿರಲಿಲ್ಲ. ಮ್ಯಾನೇಜರ್ ಖುಷಿಯಾದರು. ಅವಳೂ ಖುಷಿಯಾದಳು. ತನಗೆ ಕೆಲಸ ಬಂದಿದೆ ಎಂದು ಅವಳು ನಂಬಿದ್ದರಲ್ಲಿ ಅವಳ ತಪ್ಪು ಏನೂ ಇಲ್ಲ, ಅಲ್ವಾ?

ಮೊದಲ ಸ್ವಂತ ಕೆಲಸ

ಏಳನೆಯ ತಿಂಗಳು ಅವಳಿಗೆ ಒಂದು ಪೂರ್ತಿ ಅಸೆಂಬ್ಲಿ ಕೊಟ್ಟೆವು. ಸಣ್ಣ ಕನ್ವೇಯರ್ ಒಂದರ ಡ್ರೈವ್ ಯೂನಿಟ್. 12 ಮಿ.ಮೀ. ದಪ್ಪದ ಬೇಸ್ ಪ್ಲೇಟು, ಅದರಲ್ಲಿ ಚೌಕಾಕಾರದ ಪಾಕೆಟ್ (ಕೊರೆದ ತಗ್ಗು), ಪಾಕೆಟ್ಟಿನಲ್ಲಿ ಕೂರುವ ಒಂದು ಬ್ಲಾಕು, ಬ್ಲಾಕಿನ ಮೇಲೆ ಗೇರ್‌ಬಾಕ್ಸು ಮತ್ತು ಮೋಟರು, ಪಕ್ಕದಲ್ಲಿ ಬೇರಿಂಗ್ ಹೌಸಿಂಗು, ಎಲ್ಲದರ ಮೇಲೆ ರಕ್ಷಣೆಗೆ 2 ಮಿ.ಮೀ. ಶೀಟಿನ ಮುಚ್ಚಳ, ಅಂದರೆ ಗಾರ್ಡು. ಹೇಳಿಕೊಳ್ಳುವಂಥ ದೊಡ್ಡ ಕೆಲಸವಲ್ಲ. ಮೊದಲು ಒಂದು ಸೆಟ್ ಮಾಡಿ ನೋಡುವುದು, ಆಮೇಲೆ ಎಂಟು ಸೆಟ್.

ಮೂರು ವಾರದಲ್ಲಿ ಮುಗಿಸಿದಳು. ಬಿಡಿಭಾಗಗಳು ಒಂದರೊಳಗೊಂದು ತೂರಿಕೊಂಡಿವೆಯಾ ಎಂದು ನೋಡುವ ಇಂಟರ್‌ಫಿಯರೆನ್ಸ್ ಚೆಕ್ ನಡೆಸಿ ತೋರಿಸಿದಳು. ಫಲಿತಾಂಶ ಸೊನ್ನೆ. ಒಂದು ಕಡೆಯೂ ತಾಗುತ್ತಿಲ್ಲ. ಆ ವಾರ ನನಗೆ ಬೇರೆ ಯಂತ್ರದ ಗಡಿಬಿಡಿ. ಡ್ರಾಯಿಂಗುಗಳ ಮೇಲೆ ಕಣ್ಣಾಡಿಸಿ ಸಹಿ ಹಾಕಿದೆ. ಸೊನ್ನೆ ಎಂಬ ಅಂಕಿಗೆ ನಾನೂ ಮರುಳಾದೆ.

ಬಿಡಿಭಾಗಗಳು ತಯಾರಾಗಿ ಬೆಂಚಿಗೆ ಬಂದವು. ಮಧ್ಯಾಹ್ನದ ಹೊತ್ತಿಗೆ ಹಿರಿಯ ಫಿಟ್ಟರ್ ಫೋನ್ ಮಾಡಿದರು. "ಸರ್, ಒಂದ್ಸಲ ಕೆಳಗೆ ಬರ್ತೀರಾ? ಒಂದೂ ಕೂರ್ತಿಲ್ಲ."

ಮೂರು ಕಡೆ ಕೆಟ್ಟಿತ್ತು. ಒಂದೊಂದನ್ನೂ ಬಿಡಿಸಿ ಹೇಳುತ್ತೇನೆ. ಈ ಕೆಲಸ ಕಲಿಯುವವರು ಎಲ್ಲಾದರೂ ಒಮ್ಮೆ ಈ ಮೂರನ್ನೂ ಮಾಡುತ್ತಾರೆ.

ಮೊದಲನೆಯದು ಗಾರ್ಡು. ನಾಲ್ಕು ಕಡೆ ಬಾಗಿಸಿದ, ಟೋಪಿಯ ಆಕಾರದ ಶೀಟು. ಎರಡು ಪಕ್ಕದ ಕಾಲುಗಳಲ್ಲಿ ತೂತು, ಅವುಗಳಿಂದ ಎಂ6, ಅಂದರೆ 6 ಮಿ.ಮೀ. ವ್ಯಾಸದ ಬೋಲ್ಟು ಬೇಸ್ ಪ್ಲೇಟಿಗೆ. ಒಂದು ಬದಿಯ ಬೋಲ್ಟು ಹೋಯಿತು, ಇನ್ನೊಂದು ಬದಿಯದು ಹೋಗಲಿಲ್ಲ. ಶೀಟನ್ನು ಬಾಗಿಸಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಹಿಗ್ಗದೆ ಕುಗ್ಗದೆ ಉಳಿಯುವ ಪದರ ದಪ್ಪದಲ್ಲಿ ಎಲ್ಲಿದೆ ಎಂದು ಹೇಳುವ ಅಂಕಿಗೆ ಕೆ ಫ್ಯಾಕ್ಟರ್ ಎನ್ನುತ್ತಾರೆ. ಸಾಫ್ಟ್‌ವೇರ್‌ನಲ್ಲಿ ಅದು 0.5 ಎಂದಿತ್ತು. ಅವಳು ಮುಟ್ಟಿರಲಿಲ್ಲ. ನಮ್ಮ ಪ್ರೆಸ್ ಬ್ರೇಕಿನಲ್ಲಿ, ನಮ್ಮ ಡೈಯಲ್ಲಿ, ಆ ಶೀಟಿಗೆ ನಿಜವಾದ ಅಂಕಿ 0.38ರ ಆಸುಪಾಸು. ಒಳ ತ್ರಿಜ್ಯ 2, ದಪ್ಪ 2 ಇದ್ದಾಗ ಪ್ರತಿ ಬಾಗಿಗೆ ಸುಮಾರು 0.38 ಮಿ.ಮೀ. ವ್ಯತ್ಯಾಸ. ಟೋಪಿಯ ಅಗಲದಲ್ಲಿ ಸ್ವಲ್ಪ, ಎರಡು ಕಾಲುಗಳಲ್ಲಿ ಸ್ವಲ್ಪ ಸೇರಿ ತೂತುಗಳ ನಡುವಿನ ಅಂತರ ಮುಕ್ಕಾಲು ಮಿಲಿಮೀಟರ್ ಜಾಸ್ತಿಯಾಗಿತ್ತು. ಎಂ6 ಬೋಲ್ಟಿಗೆ 6.6ರ ತೂತು. ಎರಡು ಬದಿ ಸೇರಿ ಸಿಗುವ ಸಡಿಲ 0.6 ಮಾತ್ರ. ಮುಕ್ಕಾಲು ಹಿಡಿಸುವುದಿಲ್ಲ.

ಎರಡನೆಯದು ಬೋಲ್ಟು ಬಿಗಿಯುವ ಜಾಗ. ಬ್ಲಾಕನ್ನು ಬೇಸ್ ಪ್ಲೇಟಿಗೆ ಹಿಡಿಸಲು ನಾಲ್ಕು ಎಂ6 ಅಲೆನ್ ಬೋಲ್ಟು (ತಲೆಯ ಆರು ಮೂಲೆಯ ಕುಳಿಗೆ ಅಲೆನ್ ಕೀ ಹಾಕಿ ತಿರುಗಿಸುವಂಥದ್ದು), ಉದ್ದ 20. ತಲೆಯ ಎತ್ತರ 6. ಒಟ್ಟು 26. ಎರಡು ಬೋಲ್ಟುಗಳ ಮೇಲೆ ಗೇರ್‌ಬಾಕ್ಸಿನ ಹೊಟ್ಟೆ ಚಾಚಿಕೊಂಡಿತ್ತು. ಬ್ಲಾಕಿಗೂ ಅದಕ್ಕೂ ನಡುವೆ 22 ಮಿ.ಮೀ. ಜಾಗ. 26ರ ಬೋಲ್ಟು 22ರಲ್ಲಿ ನಿಲ್ಲುವುದಾದರೂ ಹೇಗೆ? ಮೊದಲು ಬ್ಲಾಕು ಬಿಗಿದು ಆಮೇಲೆ ಗೇರ್‌ಬಾಕ್ಸ್ ಇಡೋಣ ಎಂದರೆ, ಗೇರ್‌ಬಾಕ್ಸಿನ ಬೋಲ್ಟುಗಳು ಬ್ಲಾಕಿನ ಅಡಿಯಿಂದ ಬರುತ್ತವೆ. ಬೋಲ್ಟನ್ನು ಮೊದಲೇ ತೂತಿನಲ್ಲಿ ಇಳಿಬಿಟ್ಟು ಗೇರ್‌ಬಾಕ್ಸ್ ಕೂರಿಸೋಣ ಎಂದರೆ, ಬಿಗಿಯಲು ಬೇಕಾದ 5ರ ಅಲೆನ್ ಕೀಯ ಗಿಡ್ಡ ತೋಳೇ 28 ಮಿ.ಮೀ. ಸ್ಕ್ರೀನಿನಲ್ಲಿ ಬೋಲ್ಟು ಗೇರ್‌ಬಾಕ್ಸಿನ ಹೊಟ್ಟೆ ತೂರಿಕೊಂಡು ಬಂದು ತನ್ನ ಜಾಗದಲ್ಲಿ ಕೂರುತ್ತದೆ. ಬಂದ ದಾರಿಯನ್ನು ಇಂಟರ್‌ಫಿಯರೆನ್ಸ್ ಚೆಕ್ ಕೇಳುವುದಿಲ್ಲ. ಕೂತ ಮೇಲೆ ಯಾರಿಗೂ ತಾಗುತ್ತಿಲ್ಲವಲ್ಲ, ಅಷ್ಟು ಸಾಕು ಅದಕ್ಕೆ.

ಮೂರನೆಯದು ಪಾಕೆಟ್. ಅವಳು ಚೂಪು ಮೂಲೆಯ ಚೌಕ ಪಾಕೆಟ್ ಬರೆದಿದ್ದಳು. ತಿರುಗುವ ಕಟ್ಟರ್ ಒಳಮೂಲೆಯನ್ನು ಚೂಪಾಗಿ ಕೊರೆಯಲಾರದು. 10ರ ಕಟ್ಟರ್ ಆದರೆ ಮೂಲೆಯಲ್ಲಿ ಕನಿಷ್ಠ 5ರ ತ್ರಿಜ್ಯ ಉಳಿಯುತ್ತದೆ. ಬ್ಲಾಕಿನ ಹೊರಮೂಲೆಯೋ ಚೂಪು. ಹಾಗಾಗಿ ಒಳಗೆ ಇಳಿಯಲೇ ಇಲ್ಲ.

ಈ ಮೂರನೆಯದರ ಹತ್ತಿರ ನಿಂತಾಗ ನನ್ನ ಮುಖ ಬಿಸಿಯಾಯಿತು. ವಾರದ ಹಿಂದೆ ಮಷೀನಿಸ್ಟ್ ನನಗೆ ಫೋನ್ ಮಾಡಿ, "ಸರ್, ಮೂಲೆ ಚೂಪು ಬರಲ್ಲ, 5 ರೇಡಿಯಸ್ ಬಿಡ್ಲಾ?" ಎಂದು ಕೇಳಿದ್ದರು. "ಬಿಡಿ" ಎಂದಿದ್ದೆ. ಅವಳಿಗೆ ಹೇಳಲು ಮರೆತಿದ್ದೆ. ಹೇಳಿದ್ದರೆ ಬ್ಲಾಕಿನ ಮೂಲೆಯನ್ನು ಅವಳು ಕತ್ತರಿಸುತ್ತಿದ್ದಳು. ಅಲ್ಲಿಗೆ ಮೂರು ತಪ್ಪಿನಲ್ಲಿ ಒಂದು ಪೂರ್ತಿ ನನ್ನದೇ.

ಅಲ್ಲಿ ತೆಗೆದುಕೊಂಡ ನಿರ್ಧಾರ

ನನ್ನ ಮೊದಲ ಯೋಚನೆ ಹಳೆಯದೇ. ರಾತ್ರಿ ಕೂತು ಎಲ್ಲ ಸರಿ ಮಾಡಿ, ಬೆಳಿಗ್ಗೆ ಹೊಸ ಡ್ರಾಯಿಂಗ್ ಕೊಡುವುದು. ಫಿಟ್ಟರ್‌ಗೂ ಅದನ್ನೇ ಹೇಳಿದೆ.

ಅವರು ತಲೆಯಾಡಿಸಿದರು. "ನೀವ್ಯಾಕೆ ಮಾಡ್ತೀರಾ? ಬರೆದವರನ್ನ ಕಳಿಸಿ. ಬೋಲ್ಟು ಹಾಕಿ ನೋಡ್ಲಿ."

ಅವರದು ಸಿಟ್ಟಿನ ಮಾತಲ್ಲ. ಆದರೂ ನನಗೆ ಚುರುಕ್ ಎಂದಿತು. ಮೇಲೆ ಹೋಗಿ ಅವಳಿಗೆ ವಿಷಯ ಹೇಳಿದೆ. ಅವಳ ಮೊದಲ ಉತ್ತರ, "ಸರ್, ಇಂಟರ್‌ಫಿಯರೆನ್ಸ್ ಜೀರೋ ಇತ್ತಲ್ಲ?" ಎಂದು.

ಏಳು ತಿಂಗಳಲ್ಲಿ ಅವಳು ಆ ಹದಿನೆಂಟು ಮೆಟ್ಟಿಲು ಇಳಿದದ್ದು ನಾಲ್ಕೈದು ಸಲ ಇರಬಹುದು. ಅದೂ ಪ್ರಿಂಟ್ ಕೊಡಲು. ಹಾಗೆ ನೋಡಿದರೆ ಕಳಿಸದೇ ಇದ್ದದ್ದು ನಾವೇ. ಮೇಲೆ ಕೂತರೆ ಡ್ರಾಯಿಂಗ್ ಜಾಸ್ತಿ ಬರುತ್ತದೆ ಎಂಬ ಲೆಕ್ಕ.

ಆ ದಿನ ಮತ್ತು ಮರುದಿನ ಅವಳು ಬೆಂಚಿನಲ್ಲೇ ಇದ್ದಳು. ಫಿಟ್ಟರ್ ಪಾಠ ಮಾಡಲಿಲ್ಲ. ಅಲೆನ್ ಕೀ ಕೈಗೆ ಕೊಟ್ಟು "ಬಿಗಿ ಮಾಡಮ್ಮಾ" ಎಂದರು. ಅವಳು ಬಗ್ಗಿ, ಓರೆಯಾಗಿ, ಎಡಗೈಯಲ್ಲಿ, ಬಲಗೈಯಲ್ಲಿ ಪ್ರಯತ್ನ ಮಾಡಿದಳು. ಆಗಲಿಲ್ಲ. ಆಮೇಲೆ ಅವರು ತಮ್ಮ ಡ್ರಾಯರ್ ಎಳೆದು ತೋರಿಸಿದರು. ಅದರಲ್ಲಿ ಒಂದು ಡಬ್ಬಿ ತುಂಬ ಕತ್ತರಿಸಿ ಗಿಡ್ಡ ಮಾಡಿದ ಅಲೆನ್ ಕೀಗಳು. ಒಂದೊಂದು ಒಂದೊಂದು ಯಂತ್ರಕ್ಕೆ. "ಇದು ಇಂಥಾ ಮಷೀನಿಗೆ. ಇದು ಹೋದ ವರ್ಷದ್ದು. ಇದು ನಿಮ್ಮ ಸರ್‌ದು" ಎಂದು ಒಂದನ್ನು ಎತ್ತಿ ಹಿಡಿದರಂತೆ. ಇದನ್ನು ಅವಳೇ ನನಗೆ ಆಮೇಲೆ ಹೇಳಿದಳು, ಸ್ವಲ್ಪ ನಗು ತಡೆದುಕೊಂಡು.

ನಾವು ಮಾಡಿ ನೋಡಿದ್ದು

ಮುಂದೆ ಹೀಗಾಗಬಾರದು ಎಂದು ಮ್ಯಾನೇಜರ್ ಮೊದಲು ತಂದದ್ದು ಚೆಕ್‌ಲಿಸ್ಟ್. ಅರವತ್ತು ಪ್ರಶ್ನೆ. "ಬೋಲ್ಟ್ ಬಿಗಿಯಲು ಜಾಗ ಇದೆಯೇ? ಹೌದು, ಇಲ್ಲ." ಎರಡು ವಾರ ಅವಳು ಶ್ರದ್ಧೆಯಿಂದ ತುಂಬಿದಳು. ಮೂರನೆಯ ವಾರ ನೋಡಿದರೆ ಅರವತ್ತಕ್ಕೂ ಒಂದೇ ಗೆರೆಯಲ್ಲಿ ಟಿಕ್. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಬೋಲ್ಟು ಬಿಗಿಯುವುದು ಅಂದರೇನು ಎಂದು ಗೊತ್ತಿಲ್ಲದವರಿಗೆ ಆ ಪ್ರಶ್ನೆಯಿಂದ ಏನೂ ಸಿಗುವುದಿಲ್ಲ. ಗೊತ್ತಿರುವವರಿಗೆ ಅದು ಬೇಕಾಗಿಲ್ಲ. ಕೊನೆಗೆ ಅದನ್ನು ಹತ್ತು ಪ್ರಶ್ನೆಗೆ ಇಳಿಸಿದೆವು. ಆ ಹತ್ತನ್ನೂ ಅವಳೇ ಬರೆದಳು.

ಆಮೇಲೆ ಬಂದದ್ದು ಭಯ. ಇದನ್ನು ನಾವು ಮಾಡಿದ್ದಲ್ಲ, ತಾನಾಗಿ ಆದದ್ದು. ಗಾರ್ಡು ಕೂರದ ಮೇಲೆ ಅವಳು ಪ್ರತಿ ಅಳತೆಗೂ ಪ್ಲಸ್ ಮೈನಸ್ 0.02 ಟಾಲರೆನ್ಸ್, ಅಂದರೆ ಅಳತೆ ಎಷ್ಟು ತಪ್ಪಬಹುದು ಎಂಬ ಮಿತಿ, ಹಾಕತೊಡಗಿದಳು. ಪ್ಲೇಟಿನ ಹೊರ ಅಂಚಿಗೂ 0.02. ಯಾವುದಕ್ಕೂ ತಾಗದ ಕಡೆಗೂ 0.02. ಮಷೀನಿಸ್ಟ್ ಡ್ರಾಯಿಂಗ್ ಹಿಡಿದು ಮೇಲೆ ಬಂದರು. "ಏನ್ ಸರ್, ಗಡಿಯಾರ ಮಾಡ್ತಿದ್ದೀವಾ?"

ಆ ದಿನದ ಚರ್ಚೆಯಿಂದ ನಿಜವಾಗಿ ಉಪಯೋಗವಾಯಿತು. ಡ್ರಾಯಿಂಗನ್ನು ಮೇಜಿನ ಮೇಲೆ ಹರಡಿ ಪ್ರತಿ ಅಳತೆಗೂ ಒಂದೇ ಪ್ರಶ್ನೆ ಕೇಳಿದೆವು: ಇದು ತಪ್ಪಿದರೆ ಏನು ಕೆಡುತ್ತದೆ? ಪ್ಲೇಟಿನ ಹೊರ ಅಂಚು ತಪ್ಪಿದರೆ ಏನೂ ಕೆಡುವುದಿಲ್ಲ. ಸಾಮಾನ್ಯ ಟಾಲರೆನ್ಸ್‌ಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 2768ರ ಮಧ್ಯಮ ದರ್ಜೆ ಸಾಕು. ಅದರ ಪ್ರಕಾರ 30ರಿಂದ 120 ಮಿ.ಮೀ. ವರೆಗಿನ ಅಳತೆಗೆ ಪ್ಲಸ್ ಮೈನಸ್ 0.3, 120ರಿಂದ 400ರ ವರೆಗೆ 0.5. ಹೌಸಿಂಗಿನಲ್ಲಿ 6205 ಬೇರಿಂಗ್ ಕೂರುವ 52ರ ತೂತು ತಪ್ಪಿದರೆ ಮಾತ್ರ ಬೇರಿಂಗ್ ಹೋಗುತ್ತದೆ. ಅಲ್ಲಿ ಎಚ್7 ಹಾಕಬೇಕು, ಅಂದರೆ 52ಕ್ಕಿಂತ ಕಮ್ಮಿ ಆಗಬಾರದು, 52.030 ದಾಟಬಾರದು. ಇಡೀ ಯೂನಿಟ್‌ನಲ್ಲಿ ಹೀಗೆ ಬಿಗಿ ಅಳತೆ ಬೇಕಾದ ಜಾಗಗಳು ಐದು ಮಾತ್ರ ಉಳಿದವು. "ಉಳಿದದ್ದಕ್ಕೆಲ್ಲ ಸುಮ್ನೆ ಹೆದರಿದ್ದೆ" ಎಂದಳು.

ಗಾರ್ಡಿನ ಸಮಸ್ಯೆಗೆ ಪುಸ್ತಕದ ಅಂಕಿ ಹುಡುಕುವ ಬದಲು ಪ್ರೆಸ್ ಬ್ರೇಕಿನವರ ಹತ್ತಿರವೇ ಕಳಿಸಿದೆ. ಸರಿಯಾಗಿ 100 ಮಿ.ಮೀ. ಉದ್ದದ ಪಟ್ಟಿ ಕತ್ತರಿಸಿ, ನಡುವೆ 90 ಡಿಗ್ರಿ ಬಾಗಿಸಿ, ಎರಡೂ ತೋಳುಗಳ ಹೊರ ಅಳತೆಯನ್ನು ವರ್ನಿಯರ್‌ನಲ್ಲಿ ಹಿಡಿದಳು. ಕೆ 0.5 ಆಗಿದ್ದರೆ ಎರಡೂ ಸೇರಿ 103.3 ಬರಬೇಕಿತ್ತು. 103.7 ಬಂತು. ಮೂರು ಪಟ್ಟಿ ಬಾಗಿಸಿದರೂ ಅದೇ. ಆ ಅಂಕಿಯಿಂದ ಹಿಂದಕ್ಕೆ ಲೆಕ್ಕ ಹಾಕಿ ಕೆ ತೆಗೆದಳು. ನಾವು ಬಳಸುವ ನಾಲ್ಕು ದಪ್ಪಗಳಿಗೂ ಹೀಗೆ ಮಾಡಿ ಒಂದು ಸಣ್ಣ ಪಟ್ಟಿ ಗೋಡೆಗೆ ಅಂಟಿಸಿದಳು. ಇಷ್ಟು ವರ್ಷ ನಮ್ಮಲ್ಲಿ ಅಂಥ ಪಟ್ಟಿ ಇರಲಿಲ್ಲ. ಪ್ರೆಸ್ ಬ್ರೇಕಿನವರು ಅಂದಾಜಿನಲ್ಲಿ ಸರಿದೂಗಿಸುತ್ತಿದ್ದರು.

ಜೊತೆಗೆ ಗಾರ್ಡಿನ ಒಂದು ಬದಿಯ ದುಂಡು ತೂತನ್ನು ಉದ್ದ ತೂತು ಮಾಡಿದಳು. ಇದು ನನಗೆ ಜಾಸ್ತಿ ಇಷ್ಟವಾಯಿತು. ಲೆಕ್ಕ ಸರಿ ಮಾಡಿಕೊಂಡ ಮೇಲೂ, ಲೆಕ್ಕ ತಪ್ಪಬಹುದು ಎಂದು ಜಾಗ ಬಿಟ್ಟಿದ್ದಳು.

ಅವಳು ತಂದ ಪಟ್ಟಿ

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಒಂಬತ್ತನೆಯ ತಿಂಗಳು, ಒಂದು ಬೆಳಿಗ್ಗೆ, ಅವಳು ನನ್ನ ಮೇಜಿನ ಹತ್ತಿರ ಬಂದಳು. ಕೈಯಲ್ಲಿ ಎರಡು ಹಾಳೆ. ನಮ್ಮ ಫೈಲ್‌ಗಳೆಲ್ಲ ಒಂದು ವಾಲ್ಟ್‌ನಲ್ಲಿರುತ್ತವೆ. ಯಾರು, ಯಾವಾಗ ಫೈಲ್ ಬದಲಿಸಿದರು ಎಂಬುದೆಲ್ಲ ಅಲ್ಲಿ ದಾಖಲಾಗುತ್ತದೆ. ಹಳೆಯ ಬ್ರಾಕೆಟ್ ಒಂದನ್ನು ಹುಡುಕುವಾಗ ಅವಳಿಗೆ ತನ್ನ ಫೈಲ್‌ನ ಕೊನೆಯ ಬದಲಾವಣೆ ನನ್ನ ಹೆಸರಿನಲ್ಲಿರುವುದು ಕಂಡಿದೆ. ಮುಂದಿನದು ನೋಡಿದಳು. ಅದೂ ಹಾಗೇ. ಆರು ತಿಂಗಳಿನ ಫೈಲ್‌ಗಳನ್ನೆಲ್ಲ ತೆರೆದು, ತಾನು ಕೊಟ್ಟದ್ದು ಏನು, ಹೊರಗೆ ಹೋದದ್ದು ಏನು ಎಂದು ಹೋಲಿಸಿ ಬರೆದುಕೊಂಡು ಬಂದಿದ್ದಳು.

"ಸರ್, ಇವೆಲ್ಲ ನನ್ನ ತಪ್ಪುಗಳಾ?"

ಹೌದು ಎಂದೆ. ಬೇರೆ ಏನು ಹೇಳಲಿ?

"ನಂಗೊಂದು ಮಾತು ಹೇಳಬಹುದಿತ್ತಲ್ಲ. ನನಗೆ ಬರುತ್ತೆ ಅಂದ್ಕೊಂಡಿದ್ದೆ."

ಆ ವಾರ ಅವಳು ಬಿಟ್ಟು ಹೋಗುವ ಯೋಚನೆಯಲ್ಲಿದ್ದಳು. ಬೆಂಚಿನ ಮೇಲೆ ಬಿಡಿಭಾಗ ಕೂರದ ದಿನ ಆಗದ ನೋವು ಅವಳಿಗೆ ಈ ಎರಡು ಹಾಳೆಯಿಂದ ಆಗಿತ್ತು. ಅಂದು ಕೆಟ್ಟದ್ದು ಒಂದು ಯೂನಿಟ್. ಈಗ ಅವಳು ತನ್ನದೆಂದು ನಂಬಿದ್ದ ಆರು ತಿಂಗಳು ಕೈತಪ್ಪಿ ಹೋಗಿತ್ತು. ನಾನು ಕನಿಕರ ಎಂದುಕೊಂಡದ್ದನ್ನು ಅವಳು ಅವಮಾನ ಎಂದುಕೊಂಡಳು. ಯೋಚಿಸಿದಷ್ಟೂ ಅವಳ ಮಾತೇ ಸರಿ ಅನ್ನಿಸುತ್ತದೆ.

ಆ ಎರಡು ಹಾಳೆಗಳನ್ನು ನಾವಿಬ್ಬರೂ ಕೂತು ಓದಿದೆವು. ಮೂವತ್ತಕ್ಕಿಂತ ಜಾಸ್ತಿ ತಿದ್ದುಪಡಿ. ಗುಂಪು ಮಾಡಿ ನೋಡಿದರೆ ತಪ್ಪುಗಳು ನಾಲ್ಕೇ ಬಗೆ, ಅವೇ ಮತ್ತೆ ಮತ್ತೆ. ಮೊದಲನೆಯದನ್ನು ತೋರಿಸಿದ್ದರೆ ಉಳಿದವು ಹುಟ್ಟುತ್ತಲೇ ಇರಲಿಲ್ಲವೇನೋ. ಇಪ್ಪತ್ತು ನಿಮಿಷ ಉಳಿಸುತ್ತಿದ್ದೇನೆ ಎಂದುಕೊಂಡು ಅದೇ ಇಪ್ಪತ್ತು ನಿಮಿಷವನ್ನು ಮೂವತ್ತು ಸಲ ಕಳೆದಿದ್ದೆ.

ಕೆಂಪು ಪೆನ್ನು ಅವಳ ಕೈಗೆ

ನಾವು ಎರಡು ಬದಲಾವಣೆ ಮಾಡಿಕೊಂಡೆವು. ಒಂದು, ಅವಳ ಫೈಲ್ ಅನ್ನು ಇನ್ನು ಮೇಲೆ ನಾನು ಮುಟ್ಟುವುದಿಲ್ಲ. ಎಷ್ಟೇ ಅವಸರವಿದ್ದರೂ ಕೆಂಪು ಗುರುತು ಮಾತ್ರ. ಅದೂ ಉತ್ತರ ಬರೆಯದೆ. "ಇಲ್ಲಿ 9 ಮಾಡು" ಎಂದು ಬರೆಯುವ ಬದಲು "ಇಲ್ಲಿ ಕೀ ಹೇಗೆ ತಿರುಗುತ್ತೆ?" ಎಂದು. ಇದು ನನಗೆ ಬಹಳ ಕಷ್ಟವಾಯಿತು. ತಪ್ಪು ಕಣ್ಣಿಗೆ ಹೊಡೆಯುತ್ತಿರುವಾಗ ಮೌಸ್ ಮುಟ್ಟದೆ ಕೂರುವುದು ಎಂಥ ಶಿಕ್ಷೆ ಎಂದು ಅನುಭವಿಸಿದವರಿಗೇ ಗೊತ್ತು. ಎರಡು ಸಲ ಮಾತು ಮುರಿದೆ. ಎರಡೂ ಸಲ ವಾಲ್ಟ್ ನೋಡಿ ಹಿಡಿದಳು.

ಇನ್ನೊಂದು, ವಾರಕ್ಕೆ ಒಂದು ದಿನ ಅವಳು ನನ್ನ ಡ್ರಾಯಿಂಗುಗಳನ್ನು ಪರೀಕ್ಷಿಸುವುದು. ಹಳೆಯವು, ರಿಲೀಸ್ ಆದವು, ವರ್ಷಗಟ್ಟಲೆ ಯಂತ್ರಗಳಲ್ಲಿ ಓಡುತ್ತಿರುವವು. ಏನೂ ಸಿಗುವುದಿಲ್ಲ ಎಂದು ನನಗೆ ಧೈರ್ಯವಿತ್ತು. ಸುಮ್ನೆ ಕಣ್ಣು ಪಳಗಲಿ ಎಂದು ಕೊಟ್ಟದ್ದು.

ಮೂರನೆಯ ವಾರ ಒಂದು ಪ್ಲೇಟಿನ ಡ್ರಾಯಿಂಗ್ ಮೇಲೆ ಸಣ್ಣ ಕೆಂಪು ಸುತ್ತು ಹಾಕಿ ತಂದಳು. ಎಂ8 ಟ್ಯಾಪ್ ತೂತು, ಅಂದರೆ ಟ್ಯಾಪ್ ಎಂಬ ಉಪಕರಣದಿಂದ ಒಳಗೆ ಬೋಲ್ಟಿಗೆ ಬೇಕಾದ ಸುರುಳಿ ಹಲ್ಲು (ಥ್ರೆಡ್) ಕೊರೆದದ್ದು. ಪ್ಲೇಟಿನ ಆಚೆ ಬದಿಗೆ ತೂರದ್ದು. ಥ್ರೆಡ್ ಆಳ 16 ಎಂದು ಬರೆದಿದ್ದೆ. 6.8ರ ಡ್ರಿಲ್ ಆಳವೂ 16. ಪಕ್ಕದಲ್ಲಿ ಅವಳ ಅಕ್ಷರ: "ಟ್ಯಾಪಿನ ಮೂತಿ ಎಲ್ಲಿಗೆ ಹೋಗುತ್ತೆ?"

ಟ್ಯಾಪಿನ ತುದಿಯಲ್ಲಿ ಕೆಲವು ಹಲ್ಲುಗಳು ಸಣ್ಣಗಿರುತ್ತವೆ. ಪೂರ್ತಿ ಥ್ರೆಡ್ 16 ಬೇಕೆಂದರೆ ಡ್ರಿಲ್ ಇನ್ನೂ ಆಳಕ್ಕೆ ಹೋಗಬೇಕು. ಇಲ್ಲದಿದ್ದರೆ ಟ್ಯಾಪ್ ತಳಕ್ಕೆ ತಾಗಿ ಮುರಿಯುತ್ತದೆ. ಇದು ಮೊದಲ ವರ್ಷದ ಪಾಠ. ಆ ಪ್ಲೇಟನ್ನು ನಾವು ಆರು ವರ್ಷದಿಂದ ಮಾಡಿಸುತ್ತಿದ್ದೆವು. ಒಂದು ಸಲವೂ ದೂರು ಬಂದಿರಲಿಲ್ಲ.

ಇಬ್ಬರೂ ಕೆಳಗಿಳಿದು ಮಷೀನಿಸ್ಟರನ್ನು ಕೇಳಿದೆವು. ಅವರು ಡ್ರಾಯಿಂಗ್ ನೋಡಿ ನಕ್ಕರು. "ಅದಾ? ನಾನು ಯಾವಾಗ್ಲೂ 22 ಹೊಡೀತೀನಿ."

"ಹೇಳಬಹುದಿತ್ತಲ್ಲ?" ಎಂದು ನನ್ನ ಬಾಯಿಂದ ಬಂತು. ಬಂದ ಕೂಡಲೇ ಅವಳತ್ತ ನೋಡಿದೆ. ಅವಳು ಡ್ರಿಲ್ ಸ್ಟ್ಯಾಂಡನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

"ನೀವು ಬಿಜಿ ಇರ್ತೀರಾ ಸರ್. ಚಿಕ್ಕ ವಿಷಯ. ಯಾಕೆ ತೊಂದರೆ ಕೊಡೋದು ಅಂತ" ಎಂದರು ಅವರು.

ಮೇಲಿನ ಮಹಡಿಯಲ್ಲಿ ನಾನು ಅವಳಿಗೆ ಮಾಡಿದ್ದನ್ನೇ ಕೆಳಗಿನ ಮಹಡಿಯವರು ನನಗೆ ಮಾಡಿಕೊಂಡು ಬಂದಿದ್ದರು. ಡಬ್ಬಿಯ ತುಂಬ ಗಿಡ್ಡ ಅಲೆನ್ ಕೀ, ಪ್ರೆಸ್ ಬ್ರೇಕಿನವರ ಅಂದಾಜು, ಈ 22. ಒಳ್ಳೆಯ ಮನಸ್ಸಿನಿಂದಲೇ ಎಲ್ಲರೂ ಒಬ್ಬರ ತಪ್ಪನ್ನು ಇನ್ನೊಬ್ಬರು ಸದ್ದಿಲ್ಲದೆ ತಿದ್ದುತ್ತಿದ್ದೆವು. ಯಾರಿಗೂ ತಮ್ಮ ತಪ್ಪಿನ ಸುದ್ದಿಯೇ ಮುಟ್ಟುತ್ತಿರಲಿಲ್ಲ.

ಹತ್ತನೆಯ ತಿಂಗಳು ಮತ್ತು ಆಮೇಲೆ

ಎಂಟು ಸೆಟ್‌ಗಳ ಕೆಲಸ ಎರಡು ವಾರದಷ್ಟು ತಡವಾಯಿತು. ಅದಕ್ಕೆ ನಾನು ಮ್ಯಾನೇಜರ್ ಎದುರು ಉತ್ತರ ಹೇಳಬೇಕಾಯಿತು. ಸುಖದ ಮಾತಾಗಿರಲಿಲ್ಲ.

ಅಷ್ಟರಲ್ಲಿ ಗ್ರಾಹಕರು ಮೋಟರ್ ಬದಲಿಸಿದರು. ಸ್ವಲ್ಪ ದೊಡ್ಡದು. ಬೇಸ್ ಪ್ಲೇಟಿನ ಅಗಲ 180 ಇದ್ದದ್ದು 200 ಆಗಬೇಕು. ಈ ಸಲ ಅವಳೇ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಳತೆ ಬದಲಿಸಿದಳು. ಬೆಂಚಿನಿಂದ ಬಂದ ಮೇಲೆ ಮಾಡೆಲ್ಲನ್ನು ಮೊದಲಿನಿಂದ ಕಟ್ಟಿದ್ದಳು. ಮುಖ್ಯ ಅಳತೆಗಳೆಲ್ಲ ಮಧ್ಯದ ಸಮತಲಗಳಿಂದ, ಫಿಲೆಟ್‌ಗಳೆಲ್ಲ ಪಟ್ಟಿಯ ಕೊನೆಯಲ್ಲಿ. ರೀಬಿಲ್ಡ್ ಒತ್ತಿದಾಗ ಎರಡೇ ಕಡೆ ಕೆಂಪು. ಎರಡೂ ಯಾಕೆ ಎಂದು ನಾನು ಬಾಯಿ ತೆರೆಯುವ ಮೊದಲೇ ಹೇಳಿದಳು. ಹತ್ತು ನಿಮಿಷದಲ್ಲಿ ಸರಿಯಾಯಿತು. ಬ್ಲಾಕಿನ ಬೋಲ್ಟುಗಳನ್ನು ಗೇರ್‌ಬಾಕ್ಸಿನ ಹೊಟ್ಟೆಯಿಂದ ಆಚೆಗೆ ಸರಿಸಿದ್ದಳು. ಪ್ರತಿ ಬೋಲ್ಟಿನ ಮೇಲೂ ಅಲೆನ್ ಕೀಯ ಒಂದು ಮಾಡೆಲ್ಲನ್ನೇ ನಿಲ್ಲಿಸಿ ನೋಡಿದ್ದಳು. ಅವಳು ಬರೆದ ಹತ್ತು ಪ್ರಶ್ನೆಗಳಲ್ಲಿ ಮೊದಲನೆಯದು: "ಯಾವುದು ಮೊದಲು ಕೂರುತ್ತೆ, ಯಾವುದು ಕೊನೆಗೆ? ಬಾಯಲ್ಲಿ ಹೇಳಿ ತೋರಿಸು."

ಎಲ್ಲ ಸರಿಹೋಯಿತು ಎಂದು ಹೇಳುತ್ತಿಲ್ಲ. ಅವಳ ವೇಗ ಕಮ್ಮಿಯಾಯಿತು. ಮೂರು ವಾರದ ಕೆಲಸ ಐದು ವಾರ ಹಿಡಿಯುತ್ತಿತ್ತು. ಅದರಲ್ಲಿ ಒಂದು ವಾರ ಕೆಳಗಿನ ಮಹಡಿಯಲ್ಲಿ ಕಳೆಯುತ್ತದೆ. ವಾಪಸ್ ಬರುವ ಡ್ರಾಯಿಂಗುಗಳ ಸಂಖ್ಯೆ ಮೊದಲಿಗಿಂತ ಜಾಸ್ತಿಯಾಯಿತು. ಮ್ಯಾನೇಜರ್‌ಗೆ ಇದು ಹಿನ್ನಡೆಯ ಹಾಗೆ ಕಂಡಿತು. ಮೊದಲ ಆರು ತಿಂಗಳ ಸೊನ್ನೆ ಸುಳ್ಳು ಸೊನ್ನೆ ಎಂದು ವಿವರಿಸಲು ನನಗೆ ಒಂದು ಮಧ್ಯಾಹ್ನ ಬೇಕಾಯಿತು. ಪೂರ್ತಿ ಒಪ್ಪಿದರು ಎಂದು ಹೇಳಲಾರೆ.

ನನ್ನ ಮಟ್ಟಿಗೆ, ಈಗ ಹೊಸಬರು ಬಂದರೆ ಮೊದಲ ತಿಂಗಳು ಕಂಪ್ಯೂಟರ್ ಕೊಡುವುದಿಲ್ಲ. ಬೆಂಚಿಗೆ ಕಳಿಸುತ್ತೇನೆ. ಬೇರೆಯವರು ಬರೆದದ್ದನ್ನು ಬಿಗಿದು, ಬಿಚ್ಚಿ, ಬೈದುಕೊಂಡು ಬರಲಿ. ಬೈಗುಳ ಕಲಿತವರಿಗೆ ಡಿಸೈನ್ ಬೇಗ ಬರುತ್ತದೆ ಎಂಬುದು ಫಿಟ್ಟರ್ ಅವರ ಸಿದ್ಧಾಂತ. ನಾನು ಅದನ್ನು ಅಲ್ಲಗಳೆಯುವ ಸ್ಥಿತಿಯಲ್ಲಿಲ್ಲ.

ಎಂ8 ತೂತಿನ ಆ ಹಳೆಯ ಪ್ಲೇಟಿಗೆ ಹೊಸ ರಿವಿಷನ್ ಬಂತು. ಬದಲಾವಣೆ ಒಂದೇ ಸಾಲು: ಡ್ರಿಲ್ ಆಳ 16 ಇದ್ದದ್ದು 22. ಬರೆದವರ ಚೌಕದಲ್ಲಿ ನನ್ನ ಸಹಿ, ಪರೀಕ್ಷಿಸಿದವರ ಚೌಕದಲ್ಲಿ ಅವಳದು. ಪ್ರಿಂಟನ್ನು ಅವಳೇ ಕೆಳಗೆ ಕೊಟ್ಟು ಬಂದಳು. ಮಷೀನಿಸ್ಟ್ ಕನ್ನಡಕ ಏರಿಸಿ ನೋಡಿ, "ಆರು ವರ್ಷ ಆದಮೇಲೆ ಸರಿ ಮಾಡಿದ್ರಾ?" ಎಂದರಂತೆ. ಆಮೇಲೆ ತಮ್ಮ ಡಬ್ಬಿಯಿಂದ ಮಡಚಿದ ನಾಲ್ಕೈದು ಹಳೆಯ ಪ್ರಿಂಟ್ ತೆಗೆದು ಅವಳ ಕೈಗಿಟ್ಟರು. ಎಲ್ಲದರ ಮೇಲೂ ಪೆನ್ಸಿಲ್‌ನಲ್ಲಿ ತಿದ್ದಿದ ಅಳತೆಗಳು. ಎರಡು ನನ್ನವು.